ಮಲ್ಲಿಗೆ ಬಾರದ ಮನೆ

ಹೊಸಕೋಟೆಗೆ ಹತ್ತಿರದ ವಿಜಯಪುರದಲ್ಲಿ ರೇಷ್ಮೆ ನೂಲು ಹೊಸೆಯುವ ಹುರಿ ಮಿಷನ್ನುಗಳ ಸದ್ದು ಹಗಲೆಲ್ಲ ಗೋಡೆಗೆ ಬಡಿಯುವ ಒಂದು ಓಣಿಯಲ್ಲಿ ಅಕ್ಕಯಮ್ಮನ ಮನೆ. ಆ ಮನೆಗೆ ಹೂವು ಬರುತ್ತಿರಲಿಲ್ಲ. ಮಗಳು ಸಂಘಮಿತ್ರ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ನಿಂತದ್ದು, ನಿಂತೇಹೋಯಿತು. ಹೂವು ಮಾರುವ ಅಜ್ಜಿ ಓಣಿಗೆ ಬಂದರೆ ಆ ಬಾಗಿಲ ಮುಂದೆ ಬಾಯಿ ಮುಚ್ಚಿಕೊಂಡು ನಡೆದು, ಮುಂದಿನ ಮನೆಯ ಹತ್ತಿರ ಮತ್ತೆ ಕೂಗು ಶುರುಮಾಡುತ್ತಿದ್ದಳು. ಕೊಳ್ಳದವರ ಮನೆಯ ಮುಂದೆ ಗಂಟಲು ಯಾಕೆ ಹರಿದುಕೊಳ್ಳಬೇಕು?

ಹೂವೊಂದೇ ಅಲ್ಲ. ಬಳೆ ಹೋಗಿತ್ತು, ಓಲೆ ಹೋಗಿತ್ತು, ಟೀವಿ ಹೋಗಿತ್ತು, ಅಣ್ಣ ಮುನಿಶಾಮಪ್ಪನ ಮನೆಯ ಹಬ್ಬದೂಟ ಹೋಗಿತ್ತು. ಇವೆಲ್ಲ ಅಕ್ಕಯಮ್ಮ ನಂಬಿ ಹೋಗುತ್ತಿದ್ದ ಯೇಸುವಿನ ಪ್ರಾರ್ಥನಾ ಮಂದಿರದ ನಿಯಮಗಳು. ಭಾನುವಾರ ಬಿಳಿ ಸೀರೆ, ತಲೆಯ ಮೇಲೆ ಸೆರಗು, ಶುಕ್ರವಾರ ಉಪವಾಸ. ಅವಳು ಒಂದನ್ನೂ ತಪ್ಪಿಸಿದವಳಲ್ಲ.

ಹಾಗಂತ ಅವಳು ಅಲ್ಲಿಗೆ ಹೋದದ್ದು ನಿಯಮದ ಆಸೆಗಲ್ಲ. ಗಂಡ ಸಂಜೀವಪ್ಪ ಕಾಮಾಲೆಯಾಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಮಂದಿರ ನಡೆಸುವ ಸೊಣ್ಣಪ್ಪ ಅಯ್ಯನವರು ವರಾಂಡದ ನೆಲದ ಮೇಲೆ ಅವಳ ಪಕ್ಕ ಕೂತು ಪ್ರಾರ್ಥನೆ ಮಾಡಿದ್ದರು. ಗಂಡ ಎದ್ದು ಕೂತ. ದೇವಸ್ಥಾನದ ಮೆಟ್ಟಿಲ ಕೆಳಗೆ ನಿಂತು ಕೈಮುಗಿದು ಬೆಳೆದ ಹೆಂಗಸು ಮೊದಲ ಸಲ ಮಂದಿರಕ್ಕೆ ಹೋದಾಗ, 'ಮುಂದಕ್ಕೆ ಬಾರಮ್ಮ' ಎಂದು ಚಾಪೆಯ ಮೇಲೆ ಜಾಗ ಬಿಟ್ಟುಕೊಟ್ಟರು. ಒಂದೇ ತಟ್ಟೆಯ ರೊಟ್ಟಿಯನ್ನು ಎಲ್ಲರೂ ಮುರಿದುಕೊಂಡು ತಿಂದರು. ಕೆರೆಯಲ್ಲಿ ದೀಕ್ಷಾಸ್ನಾನ ಮಾಡಿಸಿದ ದಿನ ನೀರಿನಿಂದ ಮೇಲೆದ್ದವಳು ಗಟ್ಟಿಯಾಗಿ ನಕ್ಕುಬಿಟ್ಟಳು. ದಡದಲ್ಲಿದ್ದವರು ಗಾಬರಿಯಾದರು. ಅವಳಿಗೆ ಅಷ್ಟು ಖುಷಿಯಾಗಿತ್ತು. ಆಮೇಲೆ ನಿಯಮಗಳು ಒಂದೊಂದಾಗಿ ಮನೆಯೊಳಕ್ಕೆ ಬಂದು ಕೂತವು. ಆ ನಗು ಯಾವಾಗ ಎದ್ದು ಹೋಯಿತೋ ಅವಳೇ ಗಮನಿಸಲಿಲ್ಲ.

ಸಂಜೀವಪ್ಪ ಮಂದಿರಕ್ಕೆ ಸೇರಲಿಲ್ಲ. ಹುರಿ ಮಿಷನ್ನಿನ ಕೆಲಸದವನು, ಹರೆಯದಲ್ಲಿ ಸಂಘಟನೆ, ಮೆರವಣಿಗೆ ಎಂದು ಓಡಾಡಿದವನು. ಮಗಳಿಗೆ ಸಂಘಮಿತ್ರ ಎಂದು ಹೆಸರಿಟ್ಟವನೂ ಅವನೇ. "ನನ್ ಕಾಮಾಲೆ ಗ್ಲೂಕೋಸ್‌ಗೆ ಹೋಗಿದ್ದು" ಎನ್ನುತ್ತಿದ್ದ. ಕ್ರಿಸ್‌ಮಸ್ ಬಿರಿಯಾನಿಗೆ ಮಾತ್ರ ಎಲ್ಲರಿಗಿಂತ ಮುಂಚೆ ಹಾಜರು.

ಮಗಳನ್ನು ಹೊಸಕೋಟೆ ಕಡೆಯ ಅನಿಲ್‌ಕುಮಾರನಿಗೆ ಕೊಟ್ಟಿದ್ದರು. ಹುಡುಗ ಗೋಡೌನಿನಲ್ಲಿ ಸೂಪರ್‌ವೈಸರ್, ಒಳ್ಳೆಯವನು, ಆದರೆ ಮಂದಿರದವನಲ್ಲ. ಆ ತಪ್ಪಿಗೆ ಅಕ್ಕಯಮ್ಮನನ್ನು ಬಹಳ ಕಾಲ ಪ್ರಭುವಿನ ಭೋಜನದಿಂದ ಹೊರಗಿಟ್ಟಿದ್ದರು. ತಿಂಗಳ ಮೊದಲ ಭಾನುವಾರ ರೊಟ್ಟಿಯ ತಟ್ಟೆ ಕೈಯಿಂದ ಕೈಗೆ ಸಾಗುವಾಗ ಅವಳು ಸುಮ್ಮನೆ ಕೂತು ನೋಡಬೇಕಾಗಿತ್ತು. ಮೊನ್ನೆ ಮೊನ್ನೆ ಮತ್ತೆ ಸೇರಿಸಿಕೊಂಡಿದ್ದರು. ಅದೇ ಹೊತ್ತಿಗೆ ಸಂಘಮಿತ್ರಳಿಗೆ ಏಳು ತಿಂಗಳು ತುಂಬಿ, ಗಂಡನ ಮನೆಯವರು ಬಳೆ ತೊಡಿಸುವ ಶಾಸ್ತ್ರ ಇಟ್ಟುಕೊಂಡರು.

"ಮೊದ್ಲು ತಾಯಿ ತೊಡಿಸ್ಬೇಕು, ಬನ್ನಿ ಬೀಗ್ತಿ" ಎಂದು ಅನಿಲ್‌ಕುಮಾರನ ತಾಯಿ ಕರೆದರು. ಅಕ್ಕಯಮ್ಮ ಶಾಮಿಯಾನದ ಕಂಬದ ಹತ್ತಿರವೇ ನಿಂತು, ಕೈಮುಗಿದು ತಲೆಯಾಡಿಸಿದಳು. ಸಂಘಮಿತ್ರ ಚಾಚಿದ ಕೈಯನ್ನು ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದಳು. ಕೊನೆಗೆ ಯಾರೋ ದೊಡ್ಡಮ್ಮ ಬಂದು ಹಸಿರು ಬಳೆ ಏರಿಸಿದರು.

ಮುಂದಿನ ತಿಂಗಳು ಹೊಟ್ಟೆಯೊಳಗಿನ ಮಗು ಅಲುಗಾಡುವುದನ್ನು ನಿಲ್ಲಿಸಿತು. ಹೆರಿಗೆಯಾಯಿತು, ಹೆಣ್ಣು, ಅಳಲಿಲ್ಲ. ಅಕ್ಕಯಮ್ಮ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಫಿಲೇಚರಿನಲ್ಲಿ ದಿನವೆಲ್ಲ ಬಿಸಿನೀರಿಗೆ ಕೈಯಿಡುವವಳು. ಸಂಜೆ ಅವಳ ಬೆರಳುಗಳು ಬಿಳುಚಿ ಸುಕ್ಕುಗಟ್ಟಿರುತ್ತವೆ. ಬಟ್ಟೆಯಲ್ಲಿ ಸುತ್ತಿಟ್ಟ ಕೂಸಿನ ಬೆರಳುಗಳೂ ಹಾಗೇ ಇದ್ದವು. ಅದನ್ನು ನೋಡಿದವಳಿಗೆ ಅಳು ಬರಲಿಲ್ಲ. ಗಂಡಸರು ಕೂಸನ್ನು ಮಣ್ಣು ಮಾಡಿ ಬರಲು ಹೋದರು. ವಾರ್ಡಿನಲ್ಲಿ ತಾಯಿ ಮಗಳು ಇಬ್ಬರೇ ಉಳಿದಾಗ ಅಕ್ಕಯಮ್ಮ ಬಾಯಿಬಿಟ್ಟಳು.

"ಬಳೆ ಬೇಡ ಅಂತ ಬಡ್ಕೊಂಡೆ. ಕೇಳಿದ್ಯಾ? ದೇವ್ರು ಸುಮ್ನಿರ್ತಾನಾ?"

ಯಾರೋ ಹೇಳಿಕೊಟ್ಟ ಮಾತಲ್ಲ, ಅವಳದೇ ಬಾಯಿಯದು. ಸಂಘಮಿತ್ರ ಗೋಡೆಯ ಕಡೆಗೆ ಮುಖ ತಿರುಗಿಸಿದಳು. ಅವತ್ತಿನಿಂದ ತಾಯಿಯ ಜತೆ ಮಾತಿಲ್ಲ.

ತವರಿಗೆ ಕರೆತಂದರು. ಕೂಸಿಲ್ಲದ ಬಾಣಂತಿಗೂ ಮೈ ಬಾಣಂತಿಯದೇ ತಾನೇ? ಅಕ್ಕಯಮ್ಮ ಕೆಲಸಕ್ಕೆ ಹೋಗುವ ಮುಂಚೆ ಮೆಣಸು ಬೆಳ್ಳುಳ್ಳಿ ಅರೆದು ಸಾರು ಕಾಯಿಸುತ್ತಿದ್ದಳು, ಬಿಸಿ ಅನ್ನಕ್ಕೆ ತುಪ್ಪ ಹಾಕಿ ತಟ್ಟೆ ಮುಂದಿಡುತ್ತಿದ್ದಳು. ಸಂಘಮಿತ್ರ ಎರಡು ತುತ್ತು ತಿಂದು ತಟ್ಟೆ ಸರಿಸುತ್ತಿದ್ದಳು. ಉಳಿದದ್ದನ್ನು ಸಂಜೀವಪ್ಪ ಉಣ್ಣುತ್ತಿದ್ದ.

"ನಂಗೂ ಬಾಣಂತನ ಆಗ್ತೈತೆ ನೋಡು. ಮೈಯೆಲ್ಲ ಬೆಚ್ಚಗೈತೆ" ಎಂದು ಮಗಳನ್ನು ನಗಿಸಲು ನೋಡಿದ.

ನಗು ಬರಲಿಲ್ಲ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಲು ಬಲಗೈಯ ಬಳೆಗಳನ್ನು ನರ್ಸ್ ತೆಗೆಸಿದ್ದಳು. ಎಡಗೈಯವು ಹಾಗೇ ಇದ್ದವು. ಮಗಳು ಮಗ್ಗುಲು ಬದಲಿಸಿದಾಗ, ನೀರು ಕುಡಿಯುವಾಗ ಅವು ಗಲ್ ಎನ್ನುತ್ತಿದ್ದವು. ಅಷ್ಟು ವರ್ಷ ಬಳೆಯ ಸದ್ದೇ ಇಲ್ಲದ ಮನೆಯಲ್ಲಿ ಅಕ್ಕಯಮ್ಮನ ಕಿವಿಗೆ ಬೇರೇನೂ ಕೇಳುತ್ತಿರಲಿಲ್ಲ.

"ಅದನ್ನ ತೆಗಿ ಅಂತ ಹೇಳಿ ಅವಳ್ಗೆ" ಎಂದು ಗಂಡನಿಗೆ ಹೇಳಿದಳು.

"ನೀನೇ ಹೇಳು. ನಿನ್ ಮಗಳಲ್ವಾ?"

"ನನ್ ಹತ್ರ ಮಾತಾಡ್ತಾಳಾ ಅವ್ಳು?"

"ಅಂಥ ಮಾತಾಡಿದ್ಮೇಲೆ ಯಾವಳು ಮಾತಾಡ್ತಾಳೆ? ನಾನೊಂದು ದೇವ್ರನ್ನ ಬಿಟ್ಟಿದ್ದು ಇದ್ ಮುಟ್ಬೇಡ ಅದ್ ಮುಟ್ಬೇಡ ಅನ್ನೋ ಕಾಟಕ್ಕೆ. ನೀನಿನ್ನೊಂದು ದೇವ್ರನ್ನ ಹಿಡ್ಕೊಂಡು ಅದೇ ಕಾಟಾನ ಮನೆಗೆ ತಂದೆ."

"ಯೇಸಪ್ಪನ್ ಸುದ್ದಿಗೆ ಬರ್ಬೇಡಿ."

"ನಾನೆಲ್ ಬಂದೆ? ಆ ಮಹಾನುಭಾವ ಕುಡುಕ್ರ ಮನೇಲೂ ಉಂಡ್ನಂತೆ, ನೀನೇ ಹೇಳಿದ್ದೆ. ನಿಮ್ ಅಯ್ನೋರು ನಿಮ್ಮಣ್ಣನ್ ಮನೇಲಿ ಒಂದ್ ಲೋಟ ನೀರು ಕುಡಿಯಲ್ಲ."

ಅಕ್ಕಯಮ್ಮ ಪಾತ್ರೆ ತೊಳೆಯಲು ಎದ್ದಳು. ಗಂಡನ ಮಾತು ನಾಟಿದ್ದು ನಿಜ, ಆದರೆ ಆ ದಿನಗಳಲ್ಲಿ ಏನು ನಾಟಿದರೂ ನೋವಾಗುತ್ತಿರಲಿಲ್ಲ. ಬೆಳಿಗ್ಗೆ ಮಂಡಿಯೂರುತ್ತಿದ್ದಳು, ಬಾಯಿ ತನ್ನಷ್ಟಕ್ಕೆ ಪ್ರಾರ್ಥನೆ ಹೇಳುತ್ತಿತ್ತು, ಮುಗಿಯುತ್ತಿತ್ತು, ಎದ್ದು ಒಲೆ ಹಚ್ಚುತ್ತಿದ್ದಳು. ಬೆರಳುಗಳಿಗೆ ಬಿಸಿ ತಾಗದಷ್ಟು ಮರಗಟ್ಟಿಹೋಗಿದ್ದವು. ಎದೆಯೂ ಅದೇ ದಾರಿ ಹಿಡಿದಿತ್ತು.

ಮನೆಗೆ ಬಂದ ಮರುದಿನವೇ ಸಂಘಮಿತ್ರಳಿಗೆ ಎದೆಹಾಲು ಇಳಿಯಿತು. ಕುಡಿಯುವವರಿಲ್ಲ. ಎದೆ ಕಟ್ಟಿ ಕಲ್ಲಾಯಿತು, ಮೈ ಕಾದಿತು. ಆಸ್ಪತ್ರೆಯ ಮಾತ್ರೆ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಫಿಲೇಚರಿನಲ್ಲಿ ಪಕ್ಕದ ತೊಟ್ಟಿಯಲ್ಲಿ ನೂಲು ತೆಗೆಯುವ ಜಾಹಿದಾ ಕೇಳಿದಳು.

"ಮಲ್ಲಿಗೆ ಕಟ್ಟಿದ್ರಾ ಅಕ್ಕಾ? ನಮ್ ಅಮ್ಮಿ ನಂಗೆ ಅದೇ ಕಟ್ಟಿದ್ದು."

ಅಕ್ಕಯಮ್ಮನಿಗೆ ಗೊತ್ತಿಲ್ಲದ ವಿಷಯವೇ? ಬಿಡಿ ಮಲ್ಲಿಗೆಯನ್ನು ಬಟ್ಟೆಯಲ್ಲಿ ಹರಡಿ ಎದೆಗೆ ಬಿಗಿದರೆ ಹಾಲು ಹಿಂಗುತ್ತದೆಂದು ಆ ಸೀಮೆಯ ತಾಯಂದಿರಿಗೆಲ್ಲ ಗೊತ್ತು. ಸಂಘಮಿತ್ರಳಿಗಿಂತ ಮುಂಚೆ ಒಂದು ಕೂಸು ಹುಟ್ಟಿ ತೀರಿಹೋದಾಗ ಅಕ್ಕಯಮ್ಮನಿಗೂ ಅವಳ ತಾಯಿ ಕಟ್ಟಿದ್ದಳು. ಆದರೆ ಹೂವು! ಮನೆಯೊಳಕ್ಕೆ! ಅದೂ ಬಳೆಯ ಪಾಪಕ್ಕೆ ಏಟು ಬಿದ್ದ ಮೇಲೆ! ಅವಳು ಮಲ್ಲಿಗೆ ತರಲಿಲ್ಲ, ಉಪವಾಸ ಹಿಡಿದಳು. ತಾಯಿ ಉಪವಾಸ ಕೂತರೆ ಮಗಳ ಜ್ವರ ಇಳಿಯುತ್ತದೆಯೇ? ಏರಿತು.

ಆ ಶುಕ್ರವಾರ ಸೊಣ್ಣಪ್ಪ ಅಯ್ಯನವರು ಕರುಣಮ್ಮನನ್ನು ಕರೆದುಕೊಂಡು ಮನೆಗೆ ಬಂದರು. ಕರುಣಮ್ಮ ಮಂದಿರದ ಹೆಂಗಸರಲ್ಲಿ ಹಿರಿಯಳು, ಯಾರ ಸೆರಗು ಎಲ್ಲಿ ಜಾರಿತೆಂದು ಕಣ್ಣುಮುಚ್ಚಿಯೇ ಹೇಳಬಲ್ಲವಳು. ಚಾಪೆ ಹಾಸಿ ಟೀ ಕೊಟ್ಟದ್ದಾಯಿತು. ಅಯ್ಯನವರು ದೀರ್ಘವಾಗಿ ಪ್ರಾರ್ಥಿಸಿದರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಆಮೇಲೆ ಸಂಘಮಿತ್ರಳ ಕಡೆ ತಿರುಗಿದರು.

"ತಂಗೀ, ಆ ಬಳೆ ತೆಗ್ದು, ತಪ್ಪಾಯ್ತು ಅಂತ ಒಂದ್ ಮಾತು ಒಪ್ಕೊಂಬಿಡು. ಪ್ರಭು ನಿನ್ ಮಡ್ಲನ್ನ ಮತ್ತೆ ತುಂಬ್ತಾನೆ."

ಸಂಘಮಿತ್ರಳ ರವಿಕೆಯ ಮುಂಭಾಗ ಒದ್ದೆಯಾಗುತ್ತ ಬಂತು. ಪಕ್ಕದಲ್ಲಿದ್ದ ಟವಲನ್ನು ಎಡಗೈಯಿಂದ ಎದೆಗೆ ಒತ್ತಿಕೊಂಡಳು, ಬಳೆಗಳು ಸದ್ದು ಮಾಡಿದವು. ಕರುಣಮ್ಮ ಬಳೆ ನೋಡಿದಳು. ಅಕ್ಕಯಮ್ಮ ಟವಲು ನೋಡಿದಳು.

ಬಾಗಿಲಲ್ಲಿ ನಿಂತಿದ್ದ ಸಂಜೀವಪ್ಪನಿಗೆ ತಡೆಯಲಾಗಲಿಲ್ಲ. "ಅಯ್ನೋರೇ, ನಿಮ್ ದೇವ್ರು ಬಳೆ ಅಂಗ್ಡಿ ಮುಂದೆ ಕಾವ್ಲು ಕೂತವ್ನಾ? ಯಾರ್ ತೊಟ್ರು ಯಾರ್ ಬಿಟ್ರು ಅಂತ?"

"ಸಂಜೀವಪ್ಪಾ, ನಾನು ಮಗಳ ಒಳ್ಳೇದಕ್ಕೇ ಹೇಳಿದ್ದು."

"ಮಗ್ಳು ನನ್ಗಿರ್ಲಿ. ಟೀ ಕುಡ್ದಾಯ್ತಲ್ಲ, ಹೊರಡಿ."

ಅವರು ಎದ್ದು ಹೋದರು. ಗಂಡ ಮಾಡಿದ ಅವಮಾನಕ್ಕೆ ನಾಚಿಕೆಪಡಬೇಕಾದ ಅಕ್ಕಯಮ್ಮ ಮಗಳನ್ನೇ ನೋಡುತ್ತಿದ್ದಳು. ಟವಲು ತೊಯ್ದು ಹಾಲು ಚಾಪೆಗೆ ತೊಟ್ಟಿಕ್ಕುತ್ತಿತ್ತು. ಅವಳು ಊಟದ ಡಬ್ಬಿ ತೆಗೆದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

ಹೂವಿನ ಅಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. "ಯಾರು, ಅಕ್ಕಯಮ್ಮನಾ? ದಾರಿ ತಪ್ಪಿ ಬಂದ್ಯಾ?"

"ಬಿಡಿ ಮಲ್ಲಿಗೆ ಕೊಡಜ್ಜಿ."

ಅಜ್ಜಿಯ ತಮಾಷೆ ಅಲ್ಲಿಗೇ ನಿಂತಿತು. ಬಿಡಿ ಮಲ್ಲಿಗೆ ಯಾತಕ್ಕೆಂದು ಅವಳಿಗೂ ಗೊತ್ತು. ತಕ್ಕಡಿಗೆ ಹಾಕದೆ, ಎರಡು ಕೈಯಲ್ಲಿ ಬಾಚಿ ಡಬ್ಬಿ ತುಂಬಿಸಿದಳು. ಅಕ್ಕಯಮ್ಮ ಮುಚ್ಚಳ ಬಿಗಿದು, ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮಂದಿರವಿಲ್ಲದ ಬೀದಿಯಿಂದ ಸುತ್ತಿ ಮನೆಗೆ ಬಂದಳು. ಕಳ್ಳಭಟ್ಟಿ ಸಾಗಿಸುವವರಿಗೂ ಅಷ್ಟು ಭಯ ಇರಲಿಕ್ಕಿಲ್ಲ.

ಹಳೆಯ ಸೀರೆ ಹರಿದು, ಹೂವು ಹರಡಿ, ಮಗಳ ಮುಂದೆ ಕೂತಳು. ಸಂಘಮಿತ್ರ ಹೂವನ್ನೂ ತಾಯಿಯ ಮುಖವನ್ನೂ ನೋಡಿ ಕೈ ಎತ್ತಿದಳು. ಅಕ್ಕಯಮ್ಮ ಬಟ್ಟೆಯನ್ನು ಬೆನ್ನ ಹಿಂದಿನಿಂದ ತಂದು ಗಂಟು ಹಾಕಿದಳು. ಮಗಳ ಮೈಯ ಬಿಸಿ ಆ ಮರಗಟ್ಟಿದ ಬೆರಳಿಗೂ ಗೊತ್ತಾಯಿತು. ಮನೆಯೆಲ್ಲ ಮಲ್ಲಿಗೆ ಘಮ ತುಂಬಿಕೊಂಡಿತು. ಸಂಜೀವಪ್ಪ ಒಳಗೆ ಬಂದವನು ಮೂಗರಳಿಸಿ, ಬಾಗಿಲು ಮುಂದಕ್ಕೆಳೆದು ಹೊರಗೆ ಹೋದ.

ಬೆಳಿಗ್ಗೆ ಬಾಡಿದ ಹೂವು ತೆಗೆಯುವುದು, ಸಂಜೆ ಹೊಸದು ಕಟ್ಟುವುದು. ಅದೊಂದು ಮನೆಗೆಲಸವಾಯಿತು. ಜ್ವರ ಇಳಿಯಿತು. ಆದರೆ ಮಾತಿಲ್ಲ. ಮಗಳು ಹೊತ್ತಿಗೆ ಸರಿಯಾಗಿ ಕೈ ಎತ್ತುತ್ತಿದ್ದಳು, ತಾಯಿ ಕಟ್ಟುತ್ತಿದ್ದಳು.

ತಿಂಗಳ ಮೊದಲ ಭಾನುವಾರ ಬಂತು. ಅಕ್ಕಯಮ್ಮ ಬಿಳಿ ಸೀರೆಯುಟ್ಟು ಮಂದಿರದಲ್ಲಿ ಕೂತಾಗ, ಸುತ್ತಲಿನ ಹೆಂಗಸರ ಮೂಗುಗಳು ಒಂದೊಂದಾಗಿ ತಿರುಗಿದವು. ಎಷ್ಟು ತೊಳೆದರೂ ಕೈಯ ಘಮ ಹೋಗಿರಲಿಲ್ಲ. ರೊಟ್ಟಿಯ ತಟ್ಟೆ ಹೊರಡುವ ಮುನ್ನ ಅಯ್ಯನವರು ಅವಳನ್ನು ಪಕ್ಕಕ್ಕೆ ಕರೆದರು.

"ಅಕ್ಕಯಮ್ಮಾ, ಮನೇಲಿ ಹೂವಿದೆ ಅಂತಿದಾರೆ."

"ಮಗ್ಳಿಗೆ ಹಾಲು ಹಿಂಗ್ಲಿ ಅಂತ ಕಟ್ತಿದೀನಿ ಅಯ್ನೋರೇ. ಔಷಧಿಗೆ."

ಅವರ ಮುಖ ಹಗುರಾಯಿತು. "ಔಷಧಿಗಾದ್ರೆ ಪರವಾಗಿಲ್ಲ. ನಾನೇ ಹೇಳ್ತೀನಿ ಎಲ್ರಿಗೂ. ಆದ್ರೆ ಆ ಬಳೆ? ಮುಂದಿನ ಭೋಜನದೊಳಗೆ ತೆಗೆಸ್ಬಿಡಿ. ಇಲ್ದಿದ್ರೆ ನನ್ ಕೈ ಕಟ್ಟಿ ಹಾಕ್ದಂಗಾಗುತ್ತೆ."

ತಟ್ಟೆ ಬಂತು. ಅಕ್ಕಯಮ್ಮ ಚೂರು ಮುರಿದು ಬಾಯಿಗಿಟ್ಟಳು. ಹಿಂದೆ ಆ ಚೂರಿಗಾಗಿ ಎಷ್ಟು ಅತ್ತಿದ್ದಳು! ಈಗ ಅದು ಒಣಗಿದ ಹಿಟ್ಟಿನಂತೆ ನಾಲಿಗೆಯ ಮೇಲೆ ಉಳಿಯಿತು. ಔಷಧಿ ಅಂದದ್ದಕ್ಕೆ ಸಿಕ್ಕಿತು, ಹೂವು ಅಂದಿದ್ದರೆ ಸಿಗುತ್ತಿರಲಿಲ್ಲ ಎಂದು ಮಾತ್ರ ಅನ್ನಿಸಿತು.

ಇನ್ನೂ ಎರಡು ವಾರ ಕಳೆಯಿತು. ಹಾಲು ಹಿಂಗಿತು, ಮಲ್ಲಿಗೆ ನಿಂತಿತು. ಅನಿಲ್‌ಕುಮಾರ್ ಭಾನುವಾರ ಬೈಕಿನಲ್ಲಿ ಬಂದು ಹೋಗುತ್ತಿದ್ದ. ಹಣ್ಣು ತರುತ್ತಿದ್ದ, ಹೆಂಡತಿಯ ಪಕ್ಕ ಕೂತು ಮೊಬೈಲ್ ತಿರುವುತ್ತ ಏನು ಮಾತಾಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದ. "ಯಾವಾಗ ಬರ್ತೀಯ ಮಿತ್ರಾ?" ಎಂದರೆ ಅವಳು "ಬರ್ತೀನಿ" ಎನ್ನುತ್ತಿದ್ದಳು, ಅಷ್ಟೇ.

ಒಂದು ದಿನ ಫಿಲೇಚರಿನಲ್ಲಿ ಕರೆಂಟು ಹೋಗಿ ಅಕ್ಕಯಮ್ಮ ಬೇಗ ಮನೆಗೆ ಬಂದಳು. ಹಿತ್ತಲಲ್ಲಿ ಸಂಜೀವಪ್ಪ ಬಟ್ಟೆ ಒಗೆಯುತ್ತಿದ್ದ, ಮಗಳು ಹಿಂಡಿ ಒಣಗಹಾಕುತ್ತಿದ್ದಳು. ಅಕ್ಕಯಮ್ಮ ಅಡುಗೆಮನೆಯಲ್ಲಿ ಕುಡಿಯಲು ನೀರು ಮೊಗೆಯುವಾಗ ಮಾತು ಕಿವಿಗೆ ಬಿತ್ತು.

"ಅಪ್ಪಾ, ಅಮ್ಮ ಹೇಳಿದ್ದು ನಿಜಾನಾ?"

"ಯಾವ್ದು?"

"ಬಳೆ ವಿಷ್ಯ."

"ಥೂ! ಓದಿರೋಳು ನೀನು. ಅವಳಿಗೆ ತಲೆ ಕೆಟ್ಟು ಅಂದ್ಳು ಅಂತ ನೀನು ನಂಬ್ತೀಯಾ?"

"ನಂಬಲ್ಲ ಅಂದ್ಕೋತೀನಿ. ಕಣ್ ಮುಚ್ಚಿದ್ರೆ ಅದೇ ಕೇಳ್ಸುತ್ತಪ್ಪ."

"ಹಂಗಾದ್ರೆ ತೆಗ್ದ್ ಬಿಸಾಕು ಆ ಬಳೇನ. ಪೀಡೆ ಕಳೀಲಿ."

"ಹೆಂಗ್ ತೆಗೀಲಿ? ತೆಗೆದ್ರೆ ನನ್ ಮಗೂನ ನಾನೇ ಕೊಂದೆ ಅಂತ ಒಪ್ಕೊಂಡಂಗಲ್ವಾ?"

ಒಗೆಯುವ ಕಲ್ಲಿನ ಸದ್ದು ನಿಂತಿತು. ಅಕ್ಕಯಮ್ಮನ ಕೈಯಲ್ಲಿದ್ದ ಚೊಂಬು ಹಾಗೇ ಇತ್ತು. ಮಗಳು ಹಟಕ್ಕೆ ಬಳೆ ಇಟ್ಟುಕೊಂಡಿದ್ದಾಳೆಂದು ಅವಳು ಇಷ್ಟು ದಿನ ತಿಳಿದಿದ್ದಳು.

ಅವಳು ಬಂದ ದಾರಿಯಲ್ಲೇ ಹೊರಟು ಸೊಣ್ಣಪ್ಪ ಅಯ್ಯನವರ ಮನೆಗೆ ಹೋದಳು. ಅವರು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಅಯ್ನೋರೇ, ನೀವು ಬಂದು ನನ್ ಮಗ್ಳಿಗೆ ಒಂದ್ ಮಾತು ಹೇಳ್ಬೇಕು. ಬಳೆಗೂ ಮಗೂಗೂ ಸಂಬಂಧ ಇಲ್ಲ ಅಂತ. ನಾನು ಹೇಳಿದ್ರೆ ನಂಬಲ್ಲ. ಆ ಮಾತು ಆಡ್ದೋಳೇ ನಾನು."

"ನಾನು ಹೆಂಗ್ ಹೇಳ್ಲಿ ಅಕ್ಕಯಮ್ಮಾ? ನಿಯಮ ಮೀರಿದ್ದು ನಿಜ ತಾನೆ?"

"ಮೀರಿದ್ದು ಅವ್ಳು. ಆ ಮಗು ಯಾವ್ ಬಳೆ ಹಾಕ್ಕೊಂಡಿತ್ತು ಅಯ್ನೋರೇ?"

ಅಯ್ಯನವರ ಕೈಯ ಅವರೆಕಾಯಿ ಮೊರಕ್ಕೆ ಬಿತ್ತು. ಅವರು ಕೆಟ್ಟವರಾಗಿದ್ದರೆ ಸುಲಭವಿತ್ತು, ಏನಾದರೂ ಗದರುತ್ತಿದ್ದರು. ಬಿದ್ದ ಕಾಯನ್ನೇ ಮತ್ತೆ ಹೆಕ್ಕಿಕೊಂಡು ಹೇಳಿದರು.

"ನಾನು ಎಂಥ ಕುಡುಕ ಆಗಿದ್ದೆ ಅಂತ ಊರಿಗೇ ಗೊತ್ತು. ಈ ನಿಯಮ ನಂಗೆ ಬೇಲಿ. ಒಂದ್ ಕಡ್ಡಿ ಕಿತ್ರೆ ಮತ್ತೆ ಅಲ್ಲಿಗೇ ಹೋಗ್ತೀನೇನೋ ಅಂತ ಭಯ ನಂಗೆ."

"ನಿಮ್ಗೆ ಬೇಲಿ ಇರ್ಬೋದು. ನನ್ ಮಗ್ಳಿಗೆ ಉರುಳಾಗೈತೆ."

"ನಾನೊಬ್ನೇ ತೀರ್ಮಾನ ಮಾಡಕ್ಕಾಗಲ್ಲ. ಹಿರಿಯರನ್ನ ಕೇಳ್ಬೇಕು."

"ಕೇಳಿ" ಎಂದು ಅಕ್ಕಯಮ್ಮ ಎದ್ದಳು. ಕೋಪ ಬಂದಿರಲಿಲ್ಲ. ಇಷ್ಟು ವರ್ಷ ತಾನು ಯೇಸಪ್ಪನಿಗೆ ಹೆದರಿದ್ದಳೋ ಕರುಣಮ್ಮನ ಕಣ್ಣಿಗೆ ಹೆದರಿದ್ದಳೋ ಎಂದು ಯೋಚಿಸುತ್ತ ನಡೆದಳು. ಕೆರೆಯಲ್ಲಿ ಮುಳುಗಿಸಿ ಎತ್ತಿದಾಗ ಯಾರೂ ಅವಳಿಂದ ಏನನ್ನೂ ಕೇಳಿರಲಿಲ್ಲ. ಸುಮ್ಮನೆ ಎತ್ತಿದ್ದರು. ಕೇಳಿದ್ದೆಲ್ಲ ಆಮೇಲೆ ಬಂದದ್ದು.

ಮುಂದಿನ ಭೋಜನದ ಭಾನುವಾರ ಬೆಳಿಗ್ಗೆ ಅವಳು ಸ್ನಾನ ಮಾಡಿ ಬಸ್‌ಸ್ಟ್ಯಾಂಡಿಗೆ ಹೋದಳು.

"ಬಿಡಿ ಹೂವಾ?" ಅಂದಳು ಅಜ್ಜಿ.

"ಇಲ್ಲ, ಕಟ್ಟಿರೋದು. ಎರಡು ಮೊಳ."

"ಔಷಧಿಗಲ್ವಾ?"

"ಮುಡಿಯಕ್ಕೆ."

ಅಜ್ಜಿ ಬಾಯಿತುಂಬ ನಕ್ಕು, ಉದ್ದದ ಮೊಳ ಹಾಕಿ ಬಾಳೆಯೆಲೆಯಲ್ಲಿ ಸುತ್ತಿಕೊಟ್ಟಳು. ಅಕ್ಕಯಮ್ಮ ಅದನ್ನು ಕೈಯಲ್ಲಿ ಹಿಡಿದು ಮಂದಿರದ ಬೀದಿಯಲ್ಲೇ ನಡೆದು ಬಂದಳು.

ಸಂಘಮಿತ್ರ ತಲೆ ಬಾಚಿಕೊಳ್ಳುತ್ತಿದ್ದಳು. ಅಕ್ಕಯಮ್ಮ ಅವಳ ಹಿಂದೆ ಕೂತು ಬಾಚಣಿಗೆ ತೆಗೆದುಕೊಂಡಳು. ಜಡೆ ಹೆಣೆದಳು, ಹೂವು ಮುಡಿಸಿದಳು. ಆಮೇಲೆ ಮಗಳ ಮುಂದೆ ಬಂದು ತನ್ನ ಬೋಳು ಕೈ ಚಾಚಿದಳು.

"ನಿನ್ ಬಳೇಲಿ ನಂಗೆರಡು ತೊಡ್ಸು."

ಸಂಘಮಿತ್ರ ಅರ್ಥವಾಗದೆ ನೋಡಿದಳು.

"ಆಸ್ಪತ್ರೇಲಿ ನಾನಾಡಿದ್ದು ಸುಳ್ಳು ಕಣವ್ವಾ. ದೇವ್ರ ಹೆಸ್ರಲ್ಲಿ ಆಡಿದ ಸುಳ್ಳು. ನಿನ್ ಮಗು ನಿನ್ನಿಂದ ಹೋಗ್ಲಿಲ್ಲ. ಬಳೆಯಿಂದ ಹೋಗ್ಲಿಲ್ಲ. ಯಾಕ್ ಹೋಯ್ತೋ ನಂಗೊತ್ತಿಲ್ಲ. ಬಳೆ ತೊಟ್ರೆ ಏಟು ಬೀಳೋದು ನಿಜ ಆದ್ರೆ ನಂಗೇ ಬೀಳ್ಲಿ. ತೊಡ್ಸು."

ಸಂಘಮಿತ್ರ ತನ್ನ ಎಡಗೈಯಿಂದ ಎರಡು ಬಳೆ ಜಾರಿಸಿದಳು. ಬಿಸಿನೀರಲ್ಲಿ ನೆನೆದು ಮೆತ್ತಗಾದ ಅಕ್ಕಯಮ್ಮನ ಕೈಗೆ ಅವು ಸೋಪಿಲ್ಲದೆ ಏರಿದವು. ಇನ್ನೆರಡನ್ನು ಅಕ್ಕಯಮ್ಮ ತಾನೇ ತೆಗೆದು ಮಗಳ ಖಾಲಿ ಬಲಗೈಗೆ ತೊಡಿಸಿದಳು. ಶಾಮಿಯಾನದಲ್ಲಿ ತೊಡಿಸಬೇಕಾಗಿದ್ದ ಬಳೆ ಅದು.

"ಅಮ್ಮಾ" ಎಂದಳು ಸಂಘಮಿತ್ರ. ಅಷ್ಟು ವಾರಗಳಲ್ಲಿ ಅದೇ ಮೊದಲ ಮಾತು. "ಇವತ್ತು ಭೋಜನ ಅಲ್ವಾ? ಹಿಂಗೇ ಹೋಗ್ತೀಯಾ?"

"ಹಿಂಗೇ ಹೋಗ್ತೀನಿ."

"ಕೊಡಲ್ಲಮ್ಮ ಅವ್ರು."

"ಕೊಡ್ದಿದ್ರೆ ಬರ್ತೀನಿ."

ಮಂದಿರದಲ್ಲಿ ಅವಳು ಚಾಪೆಯ ಮೇಲೆ ತನ್ನ ಜಾಗದಲ್ಲಿ ಕೂತಳು. ಸೆರಗು ಸರಿಮಾಡಿಕೊಂಡಾಗ ಬಳೆ ಸದ್ದು ಮಾಡಿತು. ಅಯ್ಯನವರು ನೋಡಿದರು, ಓದುತ್ತಿದ್ದ ಸಾಲು ತಪ್ಪಿತು, ಮತ್ತೆ ಹುಡುಕಿಕೊಂಡರು. ತಟ್ಟೆ ಹೊರಟಿತು. ಪಕ್ಕದಲ್ಲಿದ್ದ ಕರುಣಮ್ಮ ತಟ್ಟೆ ಹಿಡಿದು, ಅಕ್ಕಯಮ್ಮನ ಕೈ ನೋಡಿ, ಅಯ್ಯನವರ ಮುಖ ನೋಡಿದಳು. ಅಯ್ಯನವರು ತಲೆ ತಗ್ಗಿಸಿದರು. ತಟ್ಟೆ ಅಕ್ಕಯಮ್ಮನ ಮಡಿಲ ಮೇಲಿಂದ ಹಾದು ಆಚೆಯವಳ ಕೈಗೆ ಹೋಯಿತು.

ಹಿಂದೆಲ್ಲ ತಟ್ಟೆ ಹೀಗೆ ದಾಟಿಹೋದಾಗ ಯೇಸಪ್ಪನೂ ಅದರ ಜತೆಗೇ ಹೋದಂತಾಗುತ್ತಿತ್ತು. ಈ ಸಲ ತಟ್ಟೆ ಹೋಯಿತು, ಅವನು ಹೋಗಲಿಲ್ಲ. ನೆಲದ ಮೇಲೆ, ತನ್ನ ಪಕ್ಕದಲ್ಲೇ, ಆಸ್ಪತ್ರೆಯ ವರಾಂಡದಲ್ಲಿದ್ದ ಹಾಗೆ ಇದ್ದಾನೆ ಅನ್ನಿಸಿತು. ಕಲಿತ ಪ್ರಾರ್ಥನೆಗಳೆಲ್ಲ ಮರೆತುಹೋದವು. ಯೇಸಪ್ಪಾ, ನನ್ ಮೊಮ್ಮಗ್ಳು ನಿನ್ ಹತ್ರ ಅವ್ಳೆ, ಅವಳ್ಗೂ ಎರಡು ಬಳೆ ತೊಡ್ಸು ಎಂದು ಮನಸ್ಸಿನಲ್ಲೇ ಹೇಳಿದಳು. ಹೇಳಿದ್ದೇ ತಡ, ಆಸ್ಪತ್ರೆಯಲ್ಲಿ ಬಾರದ ಅಳು ಬಂತು. ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಕರುಣಮ್ಮ ತನ್ನ ಬಾಯಲ್ಲಿದ್ದ ಚೂರನ್ನು ನುಂಗಲಾರದೆ ಕೂತಿದ್ದಳು.

ಭೋಜನದ ಭಾನುವಾರ ಮಂದಿರದಲ್ಲೇ ಎಲ್ಲರಿಗೂ ಊಟ. ಅಕ್ಕಯಮ್ಮ ನಿಲ್ಲದೆ ಮನೆಗೆ ಬಂದಳು. ಅಡುಗೆಮನೆಯಲ್ಲಿ ಅಪ್ಪ ಮಗಳು ತಟ್ಟೆ ಹಾಕಿಕೊಂಡು ಕೂತಿದ್ದರು. ಮಗಳೇ ರಾಗಿಮುದ್ದೆ ತೊಳಸಿದ್ದಳು. ತಾಯಿಯ ಊಟ ಅಲ್ಲೇ ಆಗುತ್ತದೆಂದು ಎರಡೇ ಮುದ್ದೆ ಮಾಡಿದ್ದಳು.

"ಕೊಟ್ರಾ?" ಎಂದ ಸಂಜೀವಪ್ಪ.

"ಇಲ್ಲ."

"ಮತ್ತೆ ಮುಂದಿನ ತಿಂಗ್ಳು ಹೋಗ್ತೀಯಾ?"

"ಹೋಗ್ತೀನಿ. ಅದು ಅವ್ರಪ್ಪನ ಮನೆಯಲ್ಲ, ನಮ್ಮಪ್ಪನ ಮನೆ."

ಸಂಜೀವಪ್ಪ ನಗಬೇಕೋ ಬೇಡವೋ ತಿಳಿಯದೆ ಅವಳ ಕೆಂಪು ಕಣ್ಣು ನೋಡಿದ. ಅಕ್ಕಯಮ್ಮ ಕೈತೊಳೆದು ಬಂದು ಮಗಳ ಪಕ್ಕ ನೆಲದ ಮೇಲೆ ಕೂತಳು. ಸಂಘಮಿತ್ರ ಇನ್ನೊಂದು ತಟ್ಟೆ ಎಳೆದುಕೊಂಡಳು, ತನ್ನ ಮುದ್ದೆಯನ್ನು ಎರಡು ಮಾಡಿ ಮುರಿದು ದೊಡ್ಡ ಭಾಗವನ್ನು ಅದರಲ್ಲಿಟ್ಟು, ಸಾರು ಬಿಟ್ಟಳು. ಅಕ್ಕಯಮ್ಮ ಊಟದ ಪ್ರಾರ್ಥನೆಗೆ ಕಣ್ಣು ಮುಚ್ಚಿದಳು. ಬಾಯಿ ತೆರೆಯಿತು, ಸ್ತೋತ್ರ ಅನ್ನುವ ಒಂದು ಮಾತೂ ಹೊರಡಲಿಲ್ಲ. ಕಣ್ಣು ತೆರೆದು, ಹಿಂದೆ ರೊಟ್ಟಿಯ ತಟ್ಟೆಯನ್ನು ನೋಡುತ್ತಿದ್ದಂತೆ ಆ ಮುರಿದ ಮುದ್ದೆಯನ್ನು ನೋಡುತ್ತ ಕೂತಳು.

"ಉಣ್ಣಮ್ಮಾ" ಎಂದಳು ಮಗಳು. "ಆರ್ಹೋಗುತ್ತೆ."